ಹಣೆಬೊಟ್ಟಿನಷ್ಟು ಬಿರುಕು

“ಗಾಡಿ ವಿಷಯ ನಿನಗೇನು ಗೊತ್ತಾಗುತ್ತೆ, ಸುಮ್ಮನಿರೆ” ಎಂಬ ಮಾತನ್ನು ಕೇಳದೆ ಸಂಸಾರ ಮಾಡಿದ ಹೆಂಗಸು ನಮ್ಮ ಭದ್ರಾವತಿಯಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ನಮಸ್ಕಾರ. ನಾನಂತೂ ಕೇಳಿದ್ದೇನೆ, ಕಡಿಮೆಯೆಂದರೂ ವಾರಕ್ಕೆರಡು ಸಲ. ಕೇಳಿ ಸುಮ್ಮನಿದ್ದದ್ದೂ ಉಂಟು. ಹಾಗೆ ಸುಮ್ಮನಿದ್ದುದಕ್ಕೆ ಒಂದು ಸಂಜೆ ಎಂಥ ಬೆಲೆ ತೆರಬೇಕಾಗಿ ಬರುತ್ತಿತ್ತು ಎಂದು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಅದಕ್ಕೇ ಈ ಬರಹ. ವಿಷಯ ನೋಡಿದರೆ ಬಹಳ ಸಣ್ಣದು. ನಮ್ಮ ಪಿಕಪ್ ಗಾಡಿಯ ಮುಂದಿನ ಗಾಜಿನ ಮೇಲೆ ಬಿದ್ದ ಒಂದು ಗುರುತು. ನನ್ನ ಹಣೆಯ ಬೊಟ್ಟಿನಷ್ಟೇ ಗಾತ್ರದ್ದು.

ಮೊದಲು ಆ ಗಾಡಿ ನಮ್ಮ ಮನೆಗೆ ಬಂದ ಬಗೆ ಹೇಳಬೇಕು. ನಮ್ಮದು ಕಾರ್ಖಾನೆಗಳನ್ನು ನಂಬಿ ಬೆಳೆದ ಊರು. 1923ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದ ಮೇಲೆ ತಲೆಮಾರುಗಟ್ಟಲೆ ಗಂಡಸರು ಸೈರನ್ ಕೇಳಿ ಎದ್ದರು, ಸೈರನ್ ಕೇಳಿ ಉಂಡರು. ನಮ್ಮ ಯಜಮಾನರೂ ಅಂಥ ಮನೆಯವರೇ. ಅವರ ಕೆಲಸ ಹೋದಾಗ ವಯಸ್ಸು ನಲವತ್ತು ದಾಟಿತ್ತು. ಹೊಸ ಕೆಲಸ ಕೊಡುವವರಿಲ್ಲ, ಹಳೆಯದು ಮರಳಿ ಬರುವಂತಿಲ್ಲ. ಕೈಗೆ ಬಂದ ಅಷ್ಟಿಷ್ಟು ದುಡ್ಡು ಕರಗುವ ಮುಂಚೆ ಏನಾದರೂ ಮಾಡೋಣವೆಂದು, ನನ್ನ ನಾಲ್ಕು ಬಳೆ ಅಡವಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ಹೊಸ ಪಿಕಪ್ ತಂದೆವು. “ಹೆಂಗಸರ ಹೆಸರಲ್ಲಿ ಹಾಕಿದರೆ ಸಾಲ ಬೇಗ ಆಗುತ್ತೆ” ಎಂದು ಸಾಲ ಮಾಡಿಸಿಕೊಟ್ಟವರು ಹೇಳಿದರು. ಹೀಗೆ ಆರ್.ಸಿ. ಪುಸ್ತಕದಲ್ಲಿ, ಸಾಲದ ಕಾಗದದಲ್ಲಿ, ವಿಮೆಯ ಪಾಲಿಸಿಯಲ್ಲಿ, ಎಲ್ಲದರಲ್ಲೂ ನನ್ನ ಹೆಸರು ಬಂತು. ಬಾಯಲ್ಲಿ ಮಾತ್ರ ಅದು ಅವರ ಗಾಡಿ.

ಅದರಲ್ಲಿ ನನಗೆ ಬೇಸರವಿರಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಬಾಡಿಗೆ, ಡೀಸೆಲ್, ಕಂತು ಬರೆಯುವುದು ನನ್ನ ಕೆಲಸ. ಅಡಿಕೆ, ಶುಂಠಿ, ತರಕಾರಿ, ಮದುವೆಮನೆಯ ಪಾತ್ರೆ ಹೇರಿಕೊಂಡು ಶಿವಮೊಗ್ಗಕ್ಕೂ ಸುತ್ತಲ ಹಳ್ಳಿಗಳಿಗೂ ಓಡಾಡುವುದು ಅವರ ಕೆಲಸ. ಎರಡು ವರ್ಷ ಹೀಗೇ ನಡೆಯಿತು.

ಮೂರನೆಯ ವರ್ಷ, ಅಡಿಕೆ ಕೊಯ್ಲಿನ ಸಮಯ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನಗೆ ಲೈನಿಂಗ್ ಬಟ್ಟೆ, ದಾರ ತರುವುದಿತ್ತು. ಗಾಡಿಯಲ್ಲೇ ಹೊರಟೆ. ಬಿ.ಎಚ್. ರಸ್ತೆಯಲ್ಲಿ ನಮ್ಮ ಮುಂದೊಂದು ಟಿಪ್ಪರ್. ಜಲ್ಲಿ ಅದರ ಬಾಡಿಯ ಅಂಚು ಮೀರಿ, ತಟ್ಟೆಯಲ್ಲಿ ಗೋಪುರ ಮಾಡಿ ಬಡಿಸಿದ ಅನ್ನದ ಹಾಗೆ ನಿಂತಿತ್ತು. ಮೇಲೆ ಟಾರ್ಪಾಲಿಲ್ಲ. ಒಂದು ಗುಂಡಿಯಲ್ಲಿ ಟಿಪ್ಪರ್ ಎಗರಿತು. ಒಂದು ಹಿಡಿ ಜಲ್ಲಿ ರಸ್ತೆಗೆ ಚೆಲ್ಲಿತು. ಅದರಲ್ಲೊಂದು ಕಲ್ಲು ಪುಟಿದು ‘ಟಕ್’ ಎಂದು ನಮ್ಮ ಗಾಜಿಗೆ ಬಡಿಯಿತು, ನನ್ನ ಮುಖಕ್ಕೆ ನೇರವಾಗಿ. ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಗಾಜು ಹಾಗೇ ಇದೆ. ನಡುವೆ ಒಂದು ಬೊಟ್ಟು, ಅದರ ಸುತ್ತ ಕೂದಲೆಳೆಯಂಥ ಎರಡು ಮೂರು ಗೆರೆ.

“ರೀ, ಗಾಜು ಒಡೆಯಿತು!”

“ಒಡೆದಿಲ್ಲ ಕಣೆ. ಸಣ್ಣ ಚುಕ್ಕೆ. ಏನೂ ಆಗಲ್ಲ ಬಿಡು.”

ಮನೆಗೆ ಬಂದ ಮೇಲೆ ನಮ್ಮತ್ತೆ ಹೊರಬಂದು ನೋಡಿದರು. ಮುಂದೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನೂ ನೋಡಿದರು. “ದೃಷ್ಟಿ ಇತ್ತು, ಕಲ್ಲಿನ ರೂಪದಲ್ಲಿ ಹೋಯ್ತು ಬಿಡು” ಎಂದರು. ಗಾಡಿ ಓಡುತ್ತಿದೆ, ಬಾಡಿಗೆ ಬರುತ್ತಿದೆ, ದೃಷ್ಟಿಯೂ ಹೋಯಿತು. ಇನ್ನು ನಾನು ಹೇಳುವುದೇನು? ಸುಮ್ಮನಾದೆ. ಓದುವ ಗೆಳತಿಯರೇ, ನನ್ನ ತಪ್ಪು ಅಲ್ಲಿಂದ ಶುರು.

ಗಾಜು ಏಕೆ ಚೂರಾಗಿ ನಮ್ಮ ಮೇಲೆ ಬೀಳಲಿಲ್ಲ ಎನ್ನುವುದನ್ನು ನಾನು ಆಮೇಲೆ ತಿಳಿದುಕೊಂಡೆ. ವಾಹನದ ಮುಂದಿನ ಗಾಜು ಒಂದು ಗಾಜಲ್ಲ, ಎರಡು. ನಡುವೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿ ಮತ್ತು ಒತ್ತಡದಿಂದ ಎರಡನ್ನೂ ಅಂಟಿಸಿರುತ್ತಾರೆ. ಇದರ ಹಿಂದಿನ ಕಥೆಯೂ ಚೆನ್ನಾಗಿದೆ. 1903ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ರಸಾಯನ ಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುಡ್ಡಿ ಕೆಳಗೆ ಬಿತ್ತಂತೆ. ಒಡೆಯಿತು, ಆದರೆ ಚೆಲ್ಲಾಪಿಲ್ಲಿಯಾಗಲಿಲ್ಲ. ಅದರೊಳಗೆ ಹಿಂದೆ ಇಟ್ಟಿದ್ದ ದ್ರಾವಣ ಒಣಗಿ, ತೆಳ್ಳನೆಯ ಪೊರೆಯಾಗಿ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. ಪಕ್ಕದ ಬಾಗಿಲಿನ ಗಾಜು ಬೇರೆ ಜಾತಿಯದು. ಅದು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗುತ್ತದೆ. ಮುಂದಿನದು ಬಿರುಕು ಬಿಟ್ಟರೂ ಕೈಬಿಡುವುದಿಲ್ಲ. ಬಡಿದ ಪೆಟ್ಟನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು ನಿಂತಿರುತ್ತದೆ. ನಮ್ಮ ನಿಮ್ಮಂಥ ಹೆಂಗಸರ ಸ್ವಭಾವವೇ ಅದಕ್ಕೂ ಇದೆ ಎಂದು ನನಗನ್ನಿಸಿತು. ಹಾಗೆ ನಿಂತಿರುವುದರಿಂದಲೇ ನೋಡುವವರು “ಏನೂ ಆಗಿಲ್ಲ” ಎನ್ನುವುದು.

ಆದರೆ ಆಗಿರುತ್ತದೆ. ಆ ಬೊಟ್ಟಿನ ಜಾಗದಲ್ಲಿ ಹೊರಗಿನ ಪದರ ಸೀಳಿರುತ್ತದೆ. ಅದರೊಳಕ್ಕೆ ಧೂಳು ಹೋಗುತ್ತದೆ, ನೀರು ಹೋಗುತ್ತದೆ. ಬಿಸಿಲಿಗೆ ಗಾಜು ಹಿಗ್ಗುತ್ತದೆ, ರಾತ್ರಿಯ ಚಳಿಗೆ ಕುಗ್ಗುತ್ತದೆ. ಬಿಸಿಲಲ್ಲಿ ನಿಂತ ಗಾಡಿಗೆ ಬಕೆಟ್ಟಿನಿಂದ ತಣ್ಣೀರು ಎರಚಿದರಂತೂ ಮುಗಿಯಿತು. ಅದಕ್ಕಿಂತ ಹೆಚ್ಚಿನದು ಪಿಕಪ್ಪಿನ ಮೈಯ ಒದ್ದಾಟ. ಭಾರ ಹೇರಿಕೊಂಡು ಗುಂಡಿ ಹಾರುವಾಗ ಅದರ ಕ್ಯಾಬಿನ್ ಸ್ವಲ್ಪ ಸ್ವಲ್ಪವೇ ತಿರುಚಿಕೊಳ್ಳುತ್ತದೆ. ಹಳೇ ಲಾರಿ, ಮೆಟಡಾರುಗಳಲ್ಲಿ ಗಾಜನ್ನು ರಬ್ಬರ್ ಪಟ್ಟಿಯಲ್ಲಿ ಕೂರಿಸುತ್ತಿದ್ದರು. ಮೈ ತಿರುಚಿದರೆ ರಬ್ಬರ್ ಒಂದಿಷ್ಟು ಸಹಿಸುತ್ತಿತ್ತು. ಈಗಿನ ಬಹಳಷ್ಟು ಹೊಸ ಗಾಡಿಗಳಲ್ಲಿ ದೊಡ್ಡ ಓರೆ ಗಾಜನ್ನು ಗಟ್ಟಿ ಅಂಟಿನಿಂದ ಕ್ಯಾಬಿನ್ನಿಗೇ ಕಚ್ಚಿಸಿರುತ್ತಾರೆ. ಗಾಜೂ ಗಾಡಿಯ ಬಲದ ಒಂದು ಭಾಗ. ಅದು ಒಳ್ಳೆಯದೇ. ಆದರೆ ಮೈಯ ನೋವೆಲ್ಲ ಗಾಜಿಗೂ ತಾಗುತ್ತದೆ. ಕಬ್ಬಿಣ ತಿರುಚಿದರೆ ಬಾಗುತ್ತದೆ. ಕಬ್ಬಿಣದ ಊರಿನವರಿಗೆ ಅದು ಗೊತ್ತು. ಗಾಜಿಗೆ ಬಾಗಲು ಬರುವುದಿಲ್ಲ. ಅದು ಸೀಳುತ್ತದೆ.

ಮೂರು ವಾರದಲ್ಲಿ ನಮ್ಮ ಬೊಟ್ಟು ಬಳ್ಳಿಯಾಯಿತು. ಮೊದಲು ಒಂದು ಗೇಣು. ಒಂದು ಮುಂಜಾನೆ ನೋಡಿದರೆ ಅಂಚಿನಿಂದ ಅಂಚಿಗೆ, ಡ್ರೈವರ್ ಕೂರುವ ಕಡೆಗೂ ಹಬ್ಬಿತ್ತು. “ಗಾಜು ಹಾಕಿಸೋಣ” ಎಂದೆ. “ಈ ಸೀಸನ್ ಮುಗೀಲಿ. ಗಾಡಿ ಎರಡು ದಿನ ನಿಂತರೆ ಬಾಡಿಗೆ ಯಾರು ಕೊಡ್ತಾರೆ?” ಎಂದರು. ಅದೂ ನ್ಯಾಯವೇ. ಕಂತಿನ ತಾರೀಕು ನನ್ನ ನೋಟ್‌ಬುಕ್ಕಿನಲ್ಲೇ ಇತ್ತಲ್ಲ. ಮತ್ತೆ ಸುಮ್ಮನಾದೆ.

ಆ ಸಂಜೆ ಐದು ಗಂಟೆ ದಾಟಿತ್ತು. ಶುಂಠಿ ಮೂಟೆ ಹೇರಿಕೊಂಡು ಶಿವಮೊಗ್ಗದ ಕಡೆ ಹೊರಟಿದ್ದೆವು. ನಾದಿನಿಯ ಮನೆಗೆ ಹೋಗುವುದಿದ್ದುದರಿಂದ ನಾನೂ ಇದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸಂಜೆ ಹೋದವರಿಗೆ ಗೊತ್ತು, ಇಳಿಬಿಸಿಲು ಎದುರಿಗೇ ಇರುತ್ತದೆ. ಮಾಚೇನಹಳ್ಳಿ ಹತ್ತಿರ ಆ ಬಿಸಿಲು ಬಿರುಕಿನೊಳಗೆ ಹೊಕ್ಕಿತು. ಇಡೀ ಬಳ್ಳಿ ಬೆಂಕಿ ಹೊತ್ತಿದಂತೆ ಝಗ್ಗೆಂದಿತು. ರಸ್ತೆ ಕಾಣುವುದರ ಬದಲು ಬೆಳಕಿನ ಗೀರುಗಳೇ ಕಂಡವು. ಆ ಗೀರಿನ ಹಿಂದಿನಿಂದ, ಎಲ್ಲಿಂದಲೋ ಎಂಬಂತೆ, ಒಂದು ಸೈಕಲ್ಲು. ಎರಡು ಜಡೆಯ ಹುಡುಗಿ. ಬೆನ್ನಲ್ಲಿ ಶಾಲೆಯ ಚೀಲ.

ಬ್ರೇಕಿನ ಸದ್ದು, ಹಿಂದೆ ಮೂಟೆಗಳು ಜಾರಿ ಕ್ಯಾಬಿನ್ನಿಗೆ ಗುದ್ದಿದ ಸದ್ದು, ನಾನು ಕೂಗಿದ ಸದ್ದು. ಗಾಡಿ ನಿಂತಾಗ ಹುಡುಗಿಗೂ ನಮ್ಮ ಬಂಪರಿಗೂ ನಡುವೆ ಒಂದು ಮಾರು ಜಾಗವಿತ್ತು. ಅವಳು ನಮ್ಮನ್ನು ನೋಡಿದಳು, ಹೆದರಿದಳೋ ಇಲ್ಲವೋ, ಪೆಡಲ್ ತುಳಿದು ಹೋಗಿಬಿಟ್ಟಳು. ಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದಾಳೋ ಇಲ್ಲವೋ. ನಮ್ಮವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಐದು ನಿಮಿಷ ಕೂತರು. “ಕಾಣಲೇ ಇಲ್ಲ ಕಣೆ, ನನಗೆ ಕಾಣಲೇ ಇಲ್ಲ” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ದನಿ ನಾನು ಕೇಳಿರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬಾರದೆ ನಾನು ಎಣಿಸಿದ್ದು ಇಷ್ಟೇ: ಆ ಹುಡುಗಿಗೆ ಏನಾದರೂ ಆಗಿದ್ದರೆ ಗಾಡಿ ಯಾರದ್ದೆಂದು ಪೊಲೀಸರು ಕೇಳುತ್ತಿದ್ದರು. ಆಗ ಯಾರೂ “ಗಾಡಿ ವಿಷಯ ಇವಳಿಗೇನು ಗೊತ್ತು” ಎನ್ನುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, ದೋಷ ಇದೆಯೆಂದು ಗೊತ್ತಿದ್ದೂ ವಾಹನ ಓಡಿಸಿದವರನ್ನಷ್ಟೇ ಅಲ್ಲ, ಓಡಿಸಲು ಬಿಟ್ಟವರನ್ನೂ ತಪ್ಪಿತಸ್ಥರೆನ್ನುತ್ತದೆ. ಮುಂದಿನ ಗಾಜಿನಿಂದ ಕನಿಷ್ಠ ಶೇಕಡಾ 70ರಷ್ಟು ಬೆಳಕು ಒಳಗೆ ಬರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಡ್ರೈವರಿಗೆ ಏನು ಕಾಣುತ್ತದೆ ಎನ್ನುವುದನ್ನು ಕಾನೂನು ಅಷ್ಟು ಲೆಕ್ಕ ಹಾಕಿ ನೋಡಿದೆ. ಮಾಲೀಕಳಾದ ನಾನು ನೋಡಿರಲಿಲ್ಲ. ನನ್ನ ಹೆಸರು ಸಾಲಕ್ಕೆ ಆಗುತ್ತದೆ, ಕೇಸಿಗೆ ಆಗುತ್ತದೆ; ಗಾಜು ಬದಲಿಸು ಎನ್ನುವ ಮಾತಿಗೆ ಮಾತ್ರ ಆಗುವುದಿಲ್ಲವೇ?

ಮರುದಿನ ಬೆಳಿಗ್ಗೆ ಗಾಡಿ ಬಾಡಿಗೆಗೆ ಹೋಗಲಿಲ್ಲ. ಶಿವಮೊಗ್ಗದಲ್ಲಿ ಗಾಜು ಕೂರಿಸುವ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆವು. ಆತ ಉಗುರಿನಿಂದ ಬಿರುಕನ್ನು ಗೀರಿ ನೋಡಿ, ನನ್ನ ಕಡೆ ತಿರುಗಿ, “ಅಕ್ಕಾ, ಕಲ್ಲು ಬಿದ್ದ ದಿನವೇ ತಂದಿದ್ದರೆ ಇದು ಐದಾರು ನೂರರ ಕೆಲಸ. ಈಗ ಗಾಜೇ ಹೋಗಬೇಕು” ಎಂದರು. ಬೊಟ್ಟಿನಷ್ಟು, ಹೆಚ್ಚೆಂದರೆ ಒಂದು ನಾಣ್ಯದಷ್ಟು ಗುರುತಿದ್ದಾಗ, ಅದು ಡ್ರೈವರಿನ ಕಣ್ಣಿಗೆ ನೇರವಾಗಿ ಇಲ್ಲದಿದ್ದರೆ, ಅಂಚಿಗೂ ತಾಗಿರದಿದ್ದರೆ, ಒಳಗಿನ ಗಾಳಿ ಎಳೆದು ಅಂಟಿನಂಥ ರೆಸಿನ್ ತುಂಬಿಸಿ, ಒಂದು ಬಗೆಯ ನೇರಳೆ ದೀಪದ ಕೆಳಗೆ ಗಟ್ಟಿಯಾಗಿಸುತ್ತಾರೆ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಆದರೆ ಹಬ್ಬುವುದು ನಿಲ್ಲುತ್ತದೆ. ಅಲ್ಲಿಗೆ ಹೋಗುವವರೆಗೆ ಗುರುತಿನ ಮೇಲೆ ಪಾರದರ್ಶಕ ಅಂಟುಪಟ್ಟಿ ಹಚ್ಚಿದರೆ ಸಾಕು, ಧೂಳು ನೀರು ಒಳಗೆ ಹೋಗುವುದಿಲ್ಲ. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಪಟ್ಟಿ ಯಾರ ಮನೆಯಲ್ಲಿಲ್ಲ ಹೇಳಿ? ನನ್ನ ಮನೆಯಲ್ಲೂ ಇತ್ತು.

ಗಾಜಿನಲ್ಲೂ ಎರಡು ಬಗೆ ತೋರಿಸಿದರು. ಒಂದು ಅಗ್ಗ. ನಮ್ಮವರ ಕಣ್ಣು ಸಹಜವಾಗಿ ಅತ್ತ ಹೋಯಿತು. ಮಿಸ್ತ್ರಿ ಗಾಜಿನ ಮೂಲೆ ತೋರಿಸಿದರು. ಸೀರೆಯ ಸೆರಗಿನಲ್ಲಿ ಮಗ್ಗದವರ ಗುರುತು ನೋಡುವಂತೆ ಗಾಜಿನ ಮೂಲೆ ನೋಡಬೇಕು: ಐ.ಎಸ್.ಐ. ಗುರುತು, ಅದರೊಂದಿಗೆ 2553 ಎಂಬ ಸಂಖ್ಯೆ, ಲ್ಯಾಮಿನೇಟೆಡ್ ಎಂಬ ಮಾತು. ಅಗ್ಗದ್ದರ ಮೂಲೆ ಬೋಳಾಗಿತ್ತು. ಮಾತಾಡದೆ ಗುರುತಿದ್ದದ್ದನ್ನೇ ಹಾಕಿಸಿದೆ. ಹಾಕಿದ ಮೇಲೂ ಕೆಲವು ಗಂಟೆ ಗಾಡಿ ನಿಲ್ಲಿಸಿರಬೇಕು, ಅಂಟು ಹಿಡಿಯುವ ತನಕ ಬಾಗಿಲನ್ನು ಧಡಾರನೆ ಹಾಕಬಾರದು, ಒಂದು ಪಕ್ಕದ ಗಾಜು ಸ್ವಲ್ಪ ಇಳಿಸಿಡಬೇಕು ಎಂದು ಹೇಳಿ ಕಳಿಸಿದರು. ಹಳೆಯ ಗಾಜಿನೊಂದಿಗೆ ಅದಕ್ಕೆ ಅಂಟಿಸಿದ್ದ ಫಾಸ್ಟ್ಯಾಗ್ ಕೂಡ ಹೋಯಿತು. ಟೋಲ್ ದಾಟಲು ಹೊಸದು ಮಾಡಿಸಿಕೊಳ್ಳಬೇಕಾಯಿತು. ಗಾಜು ಬದಲಿಸುವವರು ಇದನ್ನು ಮೊದಲೇ ನೆನಪಿಡುವುದು ಒಳ್ಳೆಯದು.

ಒಟ್ಟು 6,500 ರೂಪಾಯಿ. “ವಿಮೆ ಇದೆಯಲ್ಲ, ಕ್ಲೇಮು ಹಾಕೋಣ” ಎಂದರು ನಮ್ಮವರು. ಕೆಲಸಕ್ಕೆ ಕೈ ಹಾಕುವ ಮೊದಲೇ ನಾವು ವಿಮೆಯವರ ಕಚೇರಿಗೆ ಹೋಗಿ ಬಂದಿದ್ದೆವು. ಅಲ್ಲಿದ್ದವರು ಮುಕ್ಕಾಲು ಗಂಟೆ ನಮ್ಮವರ ಮುಖ ನೋಡಿಕೊಂಡು “ಸಾರ್, ಸಾರ್” ಎಂದು ಮಾತಾಡಿದರು. ಕೊನೆಗೆ ಕಾಗದ ಮಾತ್ರ ನನ್ನ ಕಡೆ ತಳ್ಳಿ “ಇಲ್ಲೊಂದು ಸಹಿ ಹಾಕಿ ಮೇಡಂ” ಎಂದರು. “ಸಹಿ ಹಾಕುತ್ತೇನೆ, ಲೆಕ್ಕ ಮೊದಲು ನನಗೆ ಹೇಳಿ” ಎಂದೆ. ಆ ಲೆಕ್ಕ ನಿಮಗೂ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಕಾನೂನು ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ಅದೊಂದೇ ಇದ್ದರೆ ನಮ್ಮ ಗಾಜಿಗೆ ಬಿಡಿಗಾಸಿಲ್ಲ. ನಮ್ಮದು ಪೂರ್ತಿ ಪಾಲಿಸಿ. ಅದರಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರಿಗೆ, ಪ್ಲಾಸ್ಟಿಕ್ಕಿಗೆ ಅರ್ಧಕ್ಕರ್ಧ ಕಳೆಯುತ್ತಾರೆ, ಗಾಜಿಗೆ ಇಲ್ಲ. ಇದು ಸಿಹಿ ಸುದ್ದಿ. ಕಹಿ ಸುದ್ದಿ ಏನೆಂದರೆ, ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಬರುತ್ತದೆ: ಒಂದು ವರ್ಷಕ್ಕೆ ಶೇಕಡಾ 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮು ಮಾಡಿದರೆ ಏಣಿಯಿಂದ ಕೆಳಕ್ಕೆ, ಮತ್ತೆ ಸೊನ್ನೆಯಿಂದ ಶುರು. ನಾವು 25ರಲ್ಲಿದ್ದೆವು. ಮುಂದಿನ ವರ್ಷ 35 ಬರಬೇಕಿತ್ತು. ನಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುಂಚೆ 9,000 ರೂಪಾಯಿ ಎಂದಿಟ್ಟುಕೊಂಡು ಹೊಲಿಗೆಯ ಬಿಲ್ಲಿನ ಹಿಂದೆ ಕೂಡಿಸಿದೆ. ಮೊದಲ ವರ್ಷ 35ರ ಬದಲು ಸೊನ್ನೆ, 3,150 ನಷ್ಟ. ಎರಡನೆಯ ವರ್ಷ 45ರ ಬದಲು 20, ಮೂರನೆಯ ವರ್ಷ 50ರ ಬದಲು 25, ಎರಡಕ್ಕೂ 2,250ರಂತೆ. ನಾಲ್ಕನೆಯ ವರ್ಷ 1,350, ಐದನೆಯದಕ್ಕೆ 450. ಒಟ್ಟು 9,450. ಗಾಡಿ ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಸ್ವಲ್ಪ ಕಡಿಮೆಯಾಗಬಹುದು. ಆದರೂ 6,500ರ ಗಾಜಿಗೆ ಕ್ಲೇಮು ಮಾಡುವುದು ನಮಗೆ ಲಾಭವಲ್ಲ ಎಂದು ತೋರಲು ಅಷ್ಟು ಸಾಕಾಯಿತು. ಗಾಜು ಹದಿನೈದು, ಇಪ್ಪತ್ತು ಸಾವಿರದ್ದಾದರೆ ಲೆಕ್ಕ ಬೇರೆ. ಅದಕ್ಕೇ ಹೇಳುವುದು, ಲೆಕ್ಕ ಮಾಡಿ ಸಹಿ ಹಾಕಿ. ಸಹಿ ಹಾಕಿ ಲೆಕ್ಕ ಮಾಡಬೇಡಿ.

ನಾವು ಕೈಯಿಂದಲೇ ಕೊಟ್ಟೆವು. ಬಳೆ ಬಿಡಿಸಿಕೊಳ್ಳಲೆಂದು ಕೂಡಿಟ್ಟದ್ದರಲ್ಲಿ 6,500 ಹೋಯಿತು. ನೋಟ್‌ಬುಕ್ಕಿನಲ್ಲಿ ಬರೆಯುವಾಗ ಪೆನ್ನು ನಿಂತಿತು. ಈ ಖರ್ಚು ಯಾರ ಲೆಕ್ಕಕ್ಕೆ ಬರೆಯಲಿ? ಕಲ್ಲು ಚೆಲ್ಲಿದವರು ಯಾರು, ದುಡ್ಡು ಕೊಟ್ಟವರು ಯಾರು?

ಇಲ್ಲಿಂದ ಮುಂದಿನದೇ ನನ್ನ ನಿಜವಾದ ಜಗಳ. ತುಂಬಿದ ಭಾರ ಜಾರದಂತೆ, ರಸ್ತೆಗೆ ಬೀಳದಂತೆ ನೋಡಿಕೊಳ್ಳುವುದು ಓಡಿಸುವವರ ಹೊಣೆಯೆಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ದಂಡವೆಂದು 2019ರ ತಿದ್ದುಪಡಿ ಕಾಯ್ದೆಯಲ್ಲಿದೆ. ಕಾನೂನು ಇದೆ. ಆದರೂ ಜಲ್ಲಿಯ ಟಿಪ್ಪರುಗಳು ಬರಿತಲೆಯಲ್ಲಿ ಓಡುತ್ತಲೇ ಇವೆ. ಹತ್ತು ನಿಮಿಷದಲ್ಲಿ ಹೊದೆಸಿ ಕಟ್ಟಬಹುದಾದ ಟಾರ್ಪಾಲು ಸೀಟಿನ ಹಿಂದೆ ಮಡಿಸಿಟ್ಟ ಹಾಗೇ ಇರುತ್ತದೆ.

“ಅವರದೂ ಹೊಟ್ಟೆಪಾಡು ಕಣೆ” ಎನ್ನುತ್ತಾರೆ ನಮ್ಮವರು. ಸ್ವತಃ ಡ್ರೈವರಾದ್ದರಿಂದ ಅವರಿಗೆ ಆ ಕಷ್ಟ ಗೊತ್ತು. ನಾನು ಇಲ್ಲವೆನ್ನುವುದಿಲ್ಲ. ಟ್ರಿಪ್ಪಿಗಿಷ್ಟು ಎಂದು ದುಡಿಯುವವನಿಗೆ ಹತ್ತು ನಿಮಿಷವೂ ಹಣವೇ. ಆದ್ದರಿಂದ ಸ್ಟಿಯರಿಂಗ್ ಹಿಡಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಟ್ರಿಪ್ಪು ಎಣಿಸಿ ದುಡ್ಡು ಕೊಡುವವರ ಮೇಲೆ ಸಿಟ್ಟು. ತಾವು ಹತ್ತು ನಿಮಿಷ ಉಳಿಸಿ, ಅದರ ಖರ್ಚನ್ನು ಹಿಂದೆ ಬರುವವರ ಗಾಜಿಗೆ ವರ್ಗಾಯಿಸುವುದು ಯಾವ ವ್ಯಾಪಾರ? ಹಿಂದೆ ಬರುವವರು ನಾಲ್ಕು ಚಕ್ರದವರೇ ಆಗಬೇಕೆಂದೂ ಇಲ್ಲ. ಆ ಕಲ್ಲು ನಮ್ಮ ಗಾಜಿಗೆ ಬಿದ್ದಿತ್ತು. ಸ್ಕೂಟಿಯಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ನಿಮ್ಮ ಮುಂದೆ ಯಾವ ಗಾಜಿದೆ?

ಕಲ್ಲಿನ ವ್ಯವಹಾರದಲ್ಲಿ ‘ಇರಲಿ ಬಿಡು’ ಎಂದರೆ ಏನಾಗುತ್ತದೆಂದು ಶಿವಮೊಗ್ಗದವರಿಗೆ ಹೊಸದಾಗಿ ಹೇಳಬೇಕಿಲ್ಲ. 2021ರ ಜನವರಿ 21ರ ರಾತ್ರಿ ನೆನಪಿದೆಯಲ್ಲ? ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಭೂಕಂಪವೆಂದು ನಾವೆಲ್ಲ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದೆವು. ಕನಿಷ್ಠ ಐದು ಜನ ಸತ್ತರು. ಎಷ್ಟೋ ಮನೆಗಳ ಕಿಟಕಿ ಗಾಜು ಒಡೆಯಿತು, ಗೋಡೆ ಬಿರಿಯಿತು. ಕಲ್ಲು ಒಡೆಯುವ ಜಾಗ ನಮಗೆ ದೂರವೆಂದು ಆವತ್ತಿನವರೆಗೆ ಅಂದುಕೊಂಡಿದ್ದೆವು. ಟಾರ್ಪಾಲಿಲ್ಲದ ಒಂದು ಟಿಪ್ಪರಿಗೂ ಆ ಅನಾಹುತಕ್ಕೂ ಅಜಗಜಾಂತರ, ಒಪ್ಪುತ್ತೇನೆ. ಆದರೆ ಹೆಚ್ಚು ಕಡಿಮೆ ನಡೆದುಹೋಗುತ್ತದೆ, ಯಾರು ಕೇಳುತ್ತಾರೆ ಎಂಬ ಧೈರ್ಯ ಎರಡೂ ಕಡೆ ಒಂದೇ.

ಯಾರು ಕೇಳಬೇಕು? ಪೊಲೀಸರು ಕೇಳಲಿ, ಸಾರಿಗೆ ಇಲಾಖೆಯವರು ಕೇಳಲಿ. ಆದರೆ ಆ ಜಲ್ಲಿ ಹೋಗುವುದು ಎಲ್ಲಿಗೆ? ಸ್ವಲ್ಪ ರಸ್ತೆಗೆ, ಸೇತುವೆಗೆ. ಸ್ವಲ್ಪ ನಮ್ಮ ನಿಮ್ಮ ಮನೆಗೇ. ನಮ್ಮ ಮನೆಯ ತಾರಸಿಗೂ ಜಲ್ಲಿ ಬಂದಿತ್ತು. ಟಾರ್ಪಾಲು ಇತ್ತೇ ಎಂದು ನಾನು ತಿರುಗಿ ನೋಡಿರಲಿಲ್ಲ. ಕೆಲಸದವರಿಗೆ ಟೀ ಮಾಡುವುದರಲ್ಲಿದ್ದೆ. ನಾನು ಇಳಿಸಿಕೊಂಡ ಆ ಲೋಡಿನಿಂದ ದಾರಿಯಲ್ಲಿ ಯಾರ ಗಾಜಿಗೆ ಕಲ್ಲು ಬಿದ್ದಿತ್ತೋ.

ಅದಕ್ಕೇ, ಶಿವಮೊಗ್ಗದಲ್ಲಿ ನಾದಿನಿ ಮನೆ ಕಟ್ಟಿಸಲು ಶುರು ಮಾಡಿದಾಗ ಅವಳಿಗೆ ಒಂದೇ ಮಾತು ಹೇಳಿದೆ. ಮೊದಲ ಜಲ್ಲಿ ಲೋಡು ಬಂದ ದಿನ ನಾನೂ ಅಲ್ಲೇ ಇದ್ದೆ. ಟಿಪ್ಪರ್ ಬಂತು, ಬರಿತಲೆಯಲ್ಲಿ. ನಾದಿನಿ ಗೇಟಿನ ಹತ್ತಿರ ನಿಂತು, “ಈ ಲೋಡು ಇಳಿಸಿ. ಮುಂದಿನದಕ್ಕೆ ಟಾರ್ಪಾಲು ಇಲ್ಲದಿದ್ದರೆ ಗೇಟು ತೆಗೆಯಲ್ಲ, ದುಡ್ಡೂ ಕೊಡಲ್ಲ. ನಿಮ್ಮ ಯಜಮಾನರಿಗೆ ಹೇಳಿ” ಎಂದಳು. ಹುಡುಗ ನಮ್ಮಿಬ್ಬರ ಮುಖ ನೋಡಿದ. ಒಳಗೆ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಇಣುಕಿದ. “ಮನೆ ನನ್ನ ಹೆಸರಲ್ಲಿದೆಯಪ್ಪ, ನನ್ನ ಹತ್ತಿರವೇ ಮಾತಾಡು” ಎಂದಳು. ಅವನು ಗೊಣಗಿದ. ಫೋನು ಮಾಡಿದ. ಎರಡನೆಯ ಲೋಡು ಮಧ್ಯಾಹ್ನ ಬಂತು. ಟಾರ್ಪಾಲು ಹರಿದಿತ್ತು, ಒಂದು ಮೂಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಆದರೆ ಇತ್ತು.

ಇದರಿಂದ ಊರು ಉದ್ಧಾರವಾಯಿತು ಎನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ಊರಿನಲ್ಲಿ ಮನೆ ಕಟ್ಟಿಸುವವರಿಗೆ ಕಡಿಮೆಯಿಲ್ಲ. ಅಡಿಪಾಯದಿಂದ ಗೃಹಪ್ರವೇಶದವರೆಗೆ ಅಲ್ಲಿ ನಿಂತು ನೀರು ಹಾಯಿಸುವವರು, ಸಿಮೆಂಟ್ ಚೀಲ ಎಣಿಸುವವರು ಹೆಂಗಸರೇ. ಹೊದಿಕೆಯಿಲ್ಲದ ಲೋಡಿಗೆ ಗೇಟು ತೆಗೆಯುವುದಿಲ್ಲ ಎಂದು ಹತ್ತು ಮನೆಯವರು ಹೇಳಿದರೆ ಸೀಟಿನ ಹಿಂದಿನ ಟಾರ್ಪಾಲು ಹೊರಗೆ ಬರುತ್ತದೆ. ಇದಕ್ಕೆ ಲೈಸೆನ್ಸ್ ಬೇಡ, ಗಾಡಿ ಓಡಿಸಲು ಬರಬೇಕಿಲ್ಲ. ಬಾಯಿ ಬಂದರೆ ಸಾಕು. ಇನ್ನು ಯಾರ ಹೆಸರಲ್ಲಿ ಗಾಡಿ ಇದೆಯೋ ಅವರು ತಿಂಗಳಿಗೊಮ್ಮೆಯಾದರೂ ಅದರ ಸುತ್ತ ಬಂದು ಗಾಜಿನ ಮೇಲೆ ಬೆರಳಾಡಿಸಿ ನೋಡಿ. ಬೊಟ್ಟಿನಷ್ಟು ಕಂಡರೆ ಅವತ್ತೇ ಪಟ್ಟಿ ಹಚ್ಚಿ, ಮರುದಿನವೇ ಕಳಿಸಿ. “ಏನೂ ಆಗಲ್ಲ ಬಿಡು” ಎಂದು ಯಾರಾದರೂ ಹೇಳಿದರೆ, ಆ ಎರಡು ಜಡೆಯ ಹುಡುಗಿಯನ್ನು ನನ್ನ ಪರವಾಗಿ ನೆನೆಸಿಕೊಳ್ಳಿ.

ನಮ್ಮವರು ಈಗ ಬೆಳಿಗ್ಗೆ ಹೊರಡುವ ಮುನ್ನ ಒದ್ದೆ ಬಟ್ಟೆ ತೆಗೆದುಕೊಂಡು ಗಾಜು ಒರೆಸುತ್ತಾರೆ. ಒರೆಸಿ, “ನೋಡಮ್ಮ ಓನರ್ರೇ, ಸರಿ ಇದೆಯಾ?” ಎಂದು ಕೂಗುತ್ತಾರೆ. ಅದರಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ನಾನು ವಿಚಾರಿಸಲು ಹೋಗಿಲ್ಲ. ಮಿಷನ್ ನಿಲ್ಲಿಸಿ, ಹೊರಗೆ ಹೋಗಿ, ನೋಡಿ ಬರುತ್ತೇನೆ.